ಮಾನ್ವಿಯ ಜ್ವರ, ಪುಣೆಯ ಉತ್ತರ: ಒಂದು ಪ್ರಕರಣ ಅಧ್ಯಯನ

2022ರ ಡಿಸೆಂಬರ್ 5. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ ನಮ್ಮ ರಾಜ್ಯದಿಂದ ಹೋದ ಮೂರು ಸೀರಮ್ (ರಕ್ತದಿಂದ ಬೇರ್ಪಡಿಸಿದ ತಿಳಿ ದ್ರವ) ಮಾದರಿಗಳನ್ನು ಪರೀಕ್ಷೆಗೆ ಹಾಕಿದರು. 8ನೇ ತಾರೀಖು ವರದಿ ಬಂತು. ಎರಡು ನೆಗೆಟಿವ್. ಮೂರನೆಯದರಲ್ಲಿ ಝಿಕಾ ವೈರಸ್ ಇತ್ತು. ಅದು ರಾಯಚೂರು ಜಿಲ್ಲೆ ಮಾನ್ವಿ ತಾಲ್ಲೂಕಿನ ಐದು ವರ್ಷದ ಹೆಣ್ಣುಮಗುವಿನ ರಕ್ತ. 12ನೇ ತಾರೀಖು ಆಗಿನ ಆರೋಗ್ಯ ಸಚಿವ ಡಾ. ಕೆ. ಸುಧಾಕರ್ ಸುದ್ದಿಗಾರರಿಗೆ ಇದನ್ನು ತಿಳಿಸಿದರು. ಕರ್ನಾಟಕದಲ್ಲಿ ಪತ್ತೆಯಾದ ಮೊದಲ ಝಿಕಾ ಪ್ರಕರಣ ಅದು.

ನಾನು ಈ ಭಾಗದ ಒಂದು ಮೆಡಿಕಲ್ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುತ್ತೇನೆ. ಆ ದಿನ ಸಂಜೆ ವಿಭಾಗದಲ್ಲಿ ಟಿವಿ ಸುದ್ದಿಯ ತುಣುಕು ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಿತ್ತು. ಒಬ್ಬ ವಿದ್ಯಾರ್ಥಿನಿ ಬಂದು ಕೇಳಿದಳು: "ಸರ್, ಝಿಕಾ ನಮ್ಮಲ್ಲಿ ಈಗ ಬಂತಾ, ಮೊದಲೇ ಇತ್ತಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಇಡೀ ಜಿಲ್ಲೆಯಲ್ಲಿ ಯಾರ ಹತ್ತಿರವೂ ಇರಲಿಲ್ಲ. ಈ ಬರಹ ಆ ಒಂದು ಪ್ರಶ್ನೆಯ ಸುತ್ತ ಇದೆ. ಉತ್ತರ ಯಾಕೆ ಇರಲಿಲ್ಲ, ಮುಂದಿನ ಸಲ ಇರಬೇಕಾದರೆ ನಮ್ಮ ಕಡೆ ಏನಿರಬೇಕು, ಅಷ್ಟೇ.

ಡೆಂಗಿ ಅಂದುಕೊಂಡದ್ದು ಯಾಕೆ

ಮಗುವಿಗೆ ಜ್ವರ ಬಂದದ್ದು ನವೆಂಬರ್‌ನಲ್ಲಿ. ಮಳೆಗಾಲ ಮುಗಿಯುವ ಆ ಹೊತ್ತಿಗೆ ನಮ್ಮ ಕಡೆ ಮಕ್ಕಳ ವಾರ್ಡ್ ಜ್ವರದಿಂದ ತುಂಬಿರುತ್ತದೆ. ಡಾಕ್ಟರು ಮೊದಲು ಡೆಂಗಿ, ಚಿಕೂನ್‌ಗುನ್ಯಾ ನೋಡುತ್ತಾರೆ. ಇದು ಸರಿಯಾದ ಕ್ರಮವೇ. ಮೂರೂ ರೋಗ ಹರಡುವುದು ಒಂದೇ ಸೊಳ್ಳೆಯಿಂದ, ಈಡಿಸ್‌ನಿಂದ. ಮೂರರಲ್ಲೂ ಜ್ವರ, ಮೈಕೈ ನೋವು, ಮೈಮೇಲೆ ದದ್ದು. ಜೊತೆಗೆ ಝಿಕಾ ತಗುಲಿದ ಹೆಚ್ಚಿನವರಿಗೆ ಯಾವ ಲಕ್ಷಣವೂ ಕಾಣೋದಿಲ್ಲ. ಕಂಡರೂ ಒಂದು ವಾರದಲ್ಲಿ ಹುಷಾರಾಗುತ್ತಾರೆ.

ಲ್ಯಾಬಿನಲ್ಲಿ ಇನ್ನೊಂದು ತೊಡಕು. ಜಿಲ್ಲೆಗಳಲ್ಲಿ ಜಾಸ್ತಿ ನಡೆಯುವ ಡೆಂಗಿ ಪರೀಕ್ಷೆ ಎಲೈಸಾ. 96 ಗುಳಿಗಳ ಒಂದು ಪ್ಲಾಸ್ಟಿಕ್ ತಟ್ಟೆ. ಒಂದೊಂದು ಗುಳಿಗೆ ಒಬ್ಬೊಬ್ಬರ ಸೀರಮ್. ಕೊನೆಯ ದ್ರಾವಣ ಹಾಕಿದಾಗ ಪಾಸಿಟಿವ್ ಇದ್ದ ಗುಳಿ ಹಳದಿಯಾಗುತ್ತದೆ. ಇದು ವೈರಸ್ಸನ್ನು ನೋಡುವ ಪರೀಕ್ಷೆಯಲ್ಲ. ವೈರಸ್ ಬಂದಾಗ ನಮ್ಮ ದೇಹ ತಯಾರು ಮಾಡಿದ ಐಜಿಎಂ ಪ್ರತಿಕಾಯವನ್ನು ನೋಡುವ ಪರೀಕ್ಷೆ. ಡೆಂಗಿ, ಝಿಕಾ, ಜಪಾನೀಸ್ ಎನ್‌ಸೆಫಲೈಟಿಸ್ (ಒಂದು ಬಗೆಯ ಮೆದುಳು ಜ್ವರ) ಮೂರೂ ಒಂದೇ ಕುಟುಂಬದ ವೈರಸ್‌ಗಳು. ಒಂದರ ಪ್ರತಿಕಾಯ ಇನ್ನೊಂದರ ಪರೀಕ್ಷೆಯಲ್ಲೂ ಬಣ್ಣ ತೋರಿಸಬಹುದು. ತಟ್ಟೆಯಲ್ಲಿ ಕಾಣುವುದು ಹಳದಿ ಮಾತ್ರ. ಅದು ಯಾರ ಹಳದಿ ಅಂತ ತಟ್ಟೆ ಹೇಳೋದಿಲ್ಲ.

ಖಚಿತವಾಗಬೇಕಾದರೆ ವೈರಸ್ಸಿನ ಆರ್‌ಎನ್‌ಎಯನ್ನೇ, ಅಂದರೆ ಅದರ ಅನುವಂಶಿಕ ವಸ್ತುವನ್ನೇ ಹುಡುಕುವ ಆರ್‌ಟಿಪಿಸಿಆರ್ ಪರೀಕ್ಷೆ ಬೇಕು, ಅದೂ ಬೇಗ. ಝಿಕಾ ವೈರಸ್ ರಕ್ತದಲ್ಲಿ ಹೆಚ್ಚುಕಡಿಮೆ ಒಂದು ವಾರ ಸಿಗುತ್ತದೆ, ಮೂತ್ರದಲ್ಲಿ ಸ್ವಲ್ಪ ಜಾಸ್ತಿ ದಿನ. ಆ ಕಿಟಕಿ ಮುಚ್ಚಿದ ಮೇಲೆ ಪಿಸಿಆರ್‌ಗೆ ಏನೂ ಸಿಗೋದಿಲ್ಲ.

ಹತ್ತರಲ್ಲಿ ಒಂದು

ಹಾಗಾದರೆ ಈ ಮಗುವಿನ ಝಿಕಾ ಪತ್ತೆಯಾದದ್ದು ಹೇಗೆ? ಸಚಿವರು ಅವತ್ತೇ ಅದನ್ನು ಹೇಳಿದ್ದರು. ಡೆಂಗಿ, ಚಿಕೂನ್‌ಗುನ್ಯಾ ಪರೀಕ್ಷೆಗೆ ಬಂದ ಮಾದರಿಗಳಲ್ಲಿ ಸಾಮಾನ್ಯವಾಗಿ ಶೇ 10ರಷ್ಟನ್ನು ಪುಣೆಗೆ ಕಳುಹಿಸುತ್ತಾರೆ. ಆ ಹತ್ತರಲ್ಲಿ ಒಂದರೊಳಗೆ ಈ ಮಗುವಿನ ಟ್ಯೂಬು ಇತ್ತು.

ಈ ವಿಷಯ ನೆನಪಾದಾಗಲೆಲ್ಲ ನನಗೆ ಎರಡು ಭಾವ ಒಟ್ಟಿಗೆ ಬರುತ್ತವೆ. ಒಂದು, ಹೆಮ್ಮೆ. ತಾಲ್ಲೂಕು ಮಟ್ಟದಲ್ಲಿ ಒಬ್ಬ ಸಿಸ್ಟರ್ ಸರಿಯಾಗಿ ರಕ್ತ ತೆಗೆದಿದ್ದಾರೆ. ಒಬ್ಬ ಟೆಕ್ನಿಷಿಯನ್ ಸೀರಮ್ ಬೇರ್ಪಡಿಸಿ, ಮುಚ್ಚಳಕ್ಕೆ ಪ್ಯಾರಾಫಿಲ್ಮ್ ಸುತ್ತಿ, ನಂಬರ್ ಬರೆದಿದ್ದಾನೆ. ಯಾರೋ ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕ್ ಜೋಡಿಸಿ ಸುಮಾರು 500 ಕಿಲೋಮೀಟರ್ ಆಚೆಗೆ ಕಳಿಸಿದ್ದಾರೆ. ದಾರಿಯಲ್ಲಿ ವೈರಸ್ಸಿನ ಆರ್‌ಎನ್‌ಎ ಕೆಡಲಿಲ್ಲ. ಈ ಸರಪಳಿಯ ಒಂದು ಕೊಂಡಿ ಕಳಚಿದ್ದರೂ ವರದಿ ನೆಗೆಟಿವ್ ಬರಬಹುದಿತ್ತು. ಇದನ್ನೆಲ್ಲ ಸರಿಯಾಗಿ ಮಾಡುವ ಜನ ನಮ್ಮಲ್ಲಿದ್ದಾರೆ.

ಎರಡನೆಯದು, ಉಳಿದ ಒಂಬತ್ತರ ಚಿಂತೆ. ಮಗು ಊರು ಬಿಟ್ಟು ಎಲ್ಲೂ ಪ್ರಯಾಣ ಮಾಡಿರಲಿಲ್ಲ ಅಂತ ಆಗಲೇ ತಿಳಿದಿತ್ತು. ಅಂದರೆ ಸೊಳ್ಳೆ ಕಚ್ಚಿದ್ದು ಇಲ್ಲೇ. ಆ ಸೊಳ್ಳೆಗೆ ವೈರಸ್ ಬಂದದ್ದು ಇಲ್ಲೇ ಇದ್ದ ಇನ್ನೊಬ್ಬರಿಂದ. ಈಡಿಸ್ ಸೊಳ್ಳೆ ಹೆಚ್ಚು ದೂರ ಹಾರೋದಿಲ್ಲ, ಕೆಲವು ನೂರು ಮೀಟರ್ ಅಷ್ಟೇ. ಹಾಗಿದ್ದ ಮೇಲೆ ಆ ಮಗುವಿಗಿಂತ ಮೊದಲು ಸುತ್ತಲಿನ ಯಾರಿಗೋ ಝಿಕಾ ಆಗಿತ್ತು. ಅವರು ಡೋಲೋ ನುಂಗಿ ಹುಷಾರಾಗಿ ಹೊಲಕ್ಕೆ ಹೋಗಿರುತ್ತಾರೆ. ಅವರಲ್ಲಿ ಗರ್ಭಿಣಿ ಇದ್ದಳಾ? ಝಿಕಾದಲ್ಲಿ ಕೇಳಲೇಬೇಕಾದ ಪ್ರಶ್ನೆ ಅದೇ. ಗರ್ಭಿಣಿಗೆ ತಗುಲಿದರೆ ಹೊಟ್ಟೆಯಲ್ಲಿರುವ ಮಗುವಿಗೂ ತೊಂದರೆಯಾಗಬಹುದು. ಬ್ರೆಜಿಲ್‌ನಲ್ಲಿ ಚಿಕ್ಕ ತಲೆಯ ಶಿಶುಗಳು ಹುಟ್ಟತೊಡಗಿದ ಮೇಲೆ, 2016ರ ಫೆಬ್ರುವರಿ 1ರಂದು ವಿಶ್ವ ಆರೋಗ್ಯ ಸಂಸ್ಥೆ ಅಂತರರಾಷ್ಟ್ರೀಯ ತುರ್ತು ಪರಿಸ್ಥಿತಿ ಘೋಷಿಸಿತ್ತು.

ಪುಣೆಯಿಂದ ಉತ್ತರ ಬಂದಾಗ ನವೆಂಬರ್‌ನಲ್ಲಿ ಜ್ವರ ಬಂದವರ ರಕ್ತದಲ್ಲಿ ವೈರಸ್ ಹುಡುಕುವ ಕಾಲ ಮುಗಿದಿತ್ತು. ಪುಣೆಯವರು ತಡ ಮಾಡಲಿಲ್ಲ. ಮಾದರಿ ಪರೀಕ್ಷೆಗೆ ಹಾಕಿದ ಮೇಲೆ ಮೂರು ದಿನದಲ್ಲಿ ಹೇಳಿದರು. ತಡವಾದದ್ದು ಆ ಮೂರು ದಿನಕ್ಕೂ ಮೊದಲು.

ಕ್ಯಾಂಪಿನ ಡ್ರಮ್ಮು

ಮರುವರ್ಷ ನಾನು ಮತ್ತು ನಮ್ಮ ಪಿಜಿ ವಿದ್ಯಾರ್ಥಿಗಳು ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಒಂದು ಕ್ಯಾಂಪಿಗೆ ಹೋಗಿದ್ದೆವು. ಆ ಮಗುವಿನ ಊರಲ್ಲ, ಬೇರೆ ಊರು. ಗಂಗಾವತಿ, ಸಿಂಧನೂರು, ಮಾನ್ವಿಯ ನೀರಾವರಿ ಸೀಮೆಯಲ್ಲಿ ಇಂಥ ಕ್ಯಾಂಪುಗಳು ಎಷ್ಟೋ ಇವೆ. ಅಣೆಕಟ್ಟು ಆದ ಮೇಲೆ ಭತ್ತ ಬೆಳೆಯಲು ಆಂಧ್ರದಿಂದ ಬಂದವರು ಕಟ್ಟಿಕೊಂಡ ಊರುಗಳು. ಸುತ್ತ ಕಣ್ಣು ಹಾಯುವಷ್ಟೂ ಗದ್ದೆ, ಗದ್ದೆಯಲ್ಲಿ ನಿಂತ ನೀರು. ಆದರೆ ಕುಡಿಯುವ ನೀರಿಗೆ ನಲ್ಲಿಯ ಮುಂದೆ ಕಾಯಬೇಕು.

ಆಶಾ ಕಾರ್ಯಕರ್ತೆಯೊಬ್ಬರು ನಮ್ಮನ್ನು ಮನೆಮನೆಗೆ ಕರೆದುಕೊಂಡು ಹೋದರು. ಒಂದು ಮನೆಯ ಹಿತ್ತಲಲ್ಲಿ ನೀಲಿ ಪ್ಲಾಸ್ಟಿಕ್ ಡ್ರಮ್ ಇತ್ತು. ಮೇಲೆ ಒಂದು ಹಳೇ ಸೀರೆ ಮುಚ್ಚಿತ್ತು. ಅವರು ಸೀರೆ ಸರಿಸಿ ಮೊಬೈಲ್ ಟಾರ್ಚ್ ಬಿಟ್ಟರು. ಬೆಳಕು ಬಿದ್ದ ತಕ್ಷಣ ಸಣ್ಣ ಸಣ್ಣ ಹುಳ ಕೊಂಕುತ್ತ ಕೆಳಗೆ ಓಡಿದವು. ಈಡಿಸ್ ಮರಿಗಳು. ತಿಳಿನೀರು ಅವಕ್ಕೆ ಇಷ್ಟ, ಗದ್ದೆಯ ಕೆಸರಲ್ಲ. ನೀರು ಚೆಲ್ಲಿ ಅಂತ ಹೇಳಿದಾಗ ಮನೆಯ ಅಜ್ಜಿ ಸಿಟ್ಟಾಗಲಿಲ್ಲ. ಮೆಲ್ಲಗೆ ಕೇಳಿದರು: "ನೀರು ಎಂಟು ದಿನಕ್ಕೊಮ್ಮೆ ಬರ್ತಾವ್ರೀ ಸರ. ಇದನ್ನ ಚೆಲ್ಲಿದ್ರ ನಾಳೆ ಏನ್ ಕುಡಿಯೂದ್ರಿ?"

ಆಶಾ ಅಕ್ಕ ಡ್ರಮ್ ಚೆಲ್ಲಿಸಲಿಲ್ಲ. ಬಟ್ಟೆಯಲ್ಲಿ ಸೋಸಿ ನೀರನ್ನು ಬೇರೆ ಕೊಡಗಳಿಗೆ ಹಾಕಿಸಿದರು. ಖಾಲಿ ಡ್ರಮ್ಮಿನ ಒಳಮೈಯನ್ನು ತೆಂಗಿನ ನಾರಿನಿಂದ ಉಜ್ಜಿದರು. ಈಡಿಸ್ ಮೊಟ್ಟೆ ನೀರಿನ ಅಂಚಿನ ಗೋಡೆಗೆ ಅಂಟಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ನೀರು ಚೆಲ್ಲಿದರೆ ಸಾಲದು, ಉಜ್ಜಬೇಕು. ಅವರಿಗೆ ಇದು ನಮ್ಮ ವಿದ್ಯಾರ್ಥಿಗಳಿಗಿಂತ ಚೆನ್ನಾಗಿ ಗೊತ್ತಿತ್ತು. ಆ ದಿನ ಒಂದು ಬಾಟಲಿಯಲ್ಲಿ ಮರಿಗಳನ್ನು ತುಂಬಿಕೊಂಡು ಬಂದೆವು. ಅವನ್ನು ಸಾಕಿ, ದೊಡ್ಡದಾದ ಮೇಲೆ ಜಾತಿ ಗುರುತಿಸುವುದನ್ನು ವಿದ್ಯಾರ್ಥಿಗಳು ಕಲಿತರು. ಸೊಳ್ಳೆಯೊಳಗೆ ವೈರಸ್ ಇದೆಯಾ ಅಂತ ನೋಡಲು ಮಾತ್ರ ನಮ್ಮಲ್ಲಿ ಆಗಲಿಲ್ಲ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲಿ ಝಿಕಾ ಸಿಕ್ಕಿತ್ತು. ಸೊಳ್ಳೆ ಹಿಡಿದದ್ದು ಆಗಸ್ಟ್‌ನಲ್ಲಿ. ಫಲಿತಾಂಶ ಬಂದದ್ದು ಅಕ್ಟೋಬರ್ ಕೊನೆಗೆ.

ಕರಗಿದ ಟ್ಯೂಬುಗಳು

ಈಗ ನಮ್ಮ ಕಡೆಯ ಒಂದು ನೋವಿನ ವಿಷಯ ಹೇಳಬೇಕು.

ವಿದ್ಯಾರ್ಥಿನಿ ಕೇಳಿದ ಪ್ರಶ್ನೆಗೆ ಉತ್ತರ ಹುಡುಕುವ ದಾರಿ ಒಂದಿದೆ. ಹಿಂದಿನ ವರ್ಷಗಳ ಜ್ವರದ ಸೀರಮ್ ಇಟ್ಟಿದ್ದರೆ ಅದನ್ನು ತೆಗೆದು ಝಿಕಾಕ್ಕೆ ಪರೀಕ್ಷೆ ಮಾಡಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಇದನ್ನೇ ಮಾಡಿತ್ತು. 2021ರಲ್ಲಿ ದೇಶದ ಬೇರೆ ಬೇರೆ ವೈರಾಣು ಲ್ಯಾಬ್‌ಗಳಲ್ಲಿದ್ದ ಜ್ವರದ ಮಾದರಿಗಳನ್ನು ಪರೀಕ್ಷಿಸಿದಾಗ, ಝಿಕಾ ಇದೆ ಅಂತ ಗೊತ್ತೇ ಇಲ್ಲದ ರಾಜ್ಯಗಳಲ್ಲೂ ಅದು ಸಿಕ್ಕಿತು. ಪಕ್ಕದ ತೆಲಂಗಾಣದಲ್ಲೂ ಸಿಕ್ಕಿತು. ರಾಯಚೂರಿನಿಂದ ಶಕ್ತಿನಗರದ ಹತ್ತಿರ ಕೃಷ್ಣಾ ದಾಟಿದರೆ ತೆಲಂಗಾಣವೇ.

ನಾವೂ ಇಟ್ಟಿದ್ದೆವು. ಮೈನಸ್ 80 ಡಿಗ್ರಿಯ ಒಂದು ಫ್ರೀಜರ್‌ನಲ್ಲಿ ಎರಡು ವರ್ಷದ ಜ್ವರದ ಸೀರಮ್. ಡೆಂಗಿ ನೆಗೆಟಿವ್, ಚಿಕೂನ್‌ಗುನ್ಯಾ ನೆಗೆಟಿವ್, ಮಲೇರಿಯಾ ನೆಗೆಟಿವ್ ಆದ ಟ್ಯೂಬುಗಳನ್ನು ಬೇರೆ ಡಬ್ಬಿಯಲ್ಲಿ ಜೋಪಾನ ಮಾಡಿದ್ದೆವು. ಜ್ವರ ಇತ್ತು, ಆದರೆ ಯಾವ ಜ್ವರ ಅಂತ ಗೊತ್ತಾಗಿರಲಿಲ್ಲ. ಹೊಸ ರೋಗ ಅಡಗಿ ಕೂತಿದ್ದರೆ ಆ ಡಬ್ಬಿಯಲ್ಲೇ.

2022ರ ಮೇ ತಿಂಗಳ ಒಂದು ಶನಿವಾರ ರಾತ್ರಿ ಕರೆಂಟು ಹೋಯಿತು. ಜನರೇಟರ್ ಲೈನು ಐಸಿಯುಗೆ ಇತ್ತು, ಫ್ರೀಜರ್ ಇದ್ದ ಕೋಣೆಗೆ ಇರಲಿಲ್ಲ. ಅಲಾರಂ ಹೊಡೆದಿದೆ. ಬೀಗ ಹಾಕಿದ ಕೋಣೆಯಲ್ಲಿ ಅದನ್ನು ಕೇಳಲು ಯಾರೂ ಇರಲಿಲ್ಲ. ಕರೆಂಟು ಬಂದ ಮೇಲೂ ಕಂಪ್ರೆಸರ್ ಶುರುವಾಗಲಿಲ್ಲ. ಸೋಮವಾರ ಬೆಳಿಗ್ಗೆ ನಮ್ಮ ಟೆಕ್ನಿಷಿಯನ್ ಬಾಗಿಲು ತೆಗೆದಾಗ ಕೆಳಗೆ ನೀರು ನಿಂತಿತ್ತು. ಆತ ಒಂದು ಟ್ಯೂಬು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ಅಲುಗಾಡಿಸಿದ. ಸೀರಮ್ ಆಚೀಚೆ ಹೊಯ್ದಾಡಿತು. ಏನೂ ಮಾತಾಡದೆ ಟ್ಯೂಬನ್ನು ಮತ್ತೆ ಅದರ ಜಾಗದಲ್ಲೇ ಇಟ್ಟ. ಮೇ ತಿಂಗಳು ನಮ್ಮ ಕಡೆ 40 ಡಿಗ್ರಿ ದಾಟಿದ ಬಿಸಿಲು. ಆ ಕೋಣೆಯಲ್ಲಿ ಒಂದೂವರೆ ದಿನ.

ಏಳು ತಿಂಗಳ ನಂತರ ಝಿಕಾ ಸುದ್ದಿ ಬಂತು.

ಆ ಟ್ಯೂಬುಗಳಲ್ಲಿ ಝಿಕಾ ಇತ್ತು ಅಂತ ನಾನು ಹೇಳುತ್ತಿಲ್ಲ. ಇಲ್ಲದೆಯೂ ಇರಬಹುದು. "ಮೊದಲು ಇರಲಿಲ್ಲ" ಅಂತ ಖಚಿತವಾಗಿ ಹೇಳುವುದೂ ಒಂದು ಉತ್ತರವೇ ಅಲ್ವಾ? ಆ ಉತ್ತರವೂ ಕರಗಿ ಹೋಯಿತು. ಹೊಸ ಫ್ರೀಜರ್ ಕೊಂಡರೆ ಆ ಎರಡು ವರ್ಷ ವಾಪಸ್ ಬರೋದಿಲ್ಲ.

ಯಂತ್ರ ಇದೆ, ಕೇಳುವವರು ಬೇಕು

2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಕೋವಿಡ್‌ನಿಂದ ದೇಶದಲ್ಲಿ ಆದ ಮೊದಲ ಸಾವು ಅದು. ಕೋವಿಡ್ ಅಂತ ಖಚಿತವಾದದ್ದು 12ಕ್ಕೆ. ಆಗ ಇಡೀ ಕಲ್ಯಾಣ ಕರ್ನಾಟಕದಲ್ಲಿ ಆ ಪರೀಕ್ಷೆ ಮಾಡುವ ಲ್ಯಾಬ್ ಇರಲಿಲ್ಲ. ಕೆಲವೇ ತಿಂಗಳಲ್ಲಿ ಚಿತ್ರ ಬದಲಾಯಿತು. 1961ರಲ್ಲಿ ಶುರುವಾದ ಬಳ್ಳಾರಿಯ ಮೆಡಿಕಲ್ ಕಾಲೇಜು, 2007ರ ರಾಯಚೂರಿನ ರಿಮ್ಸ್, 2015ರ ಕೊಪ್ಪಳದ ಕಿಮ್ಸ್, ಮೂರಕ್ಕೂ ಆರ್‌ಟಿಪಿಸಿಆರ್ ಯಂತ್ರ ಬಂತು. ರಾತ್ರಿ ಪಾಳಿಯಲ್ಲಿ ಹುಡುಗ ಹುಡುಗಿಯರು ಮೈಮುಚ್ಚುವ ಪಿಪಿಇ ಕಿಟ್ ಹಾಕಿಕೊಂಡು ಬೆವರು ಸುರಿಸಿ ಸಾವಿರಾರು ಮಾದರಿ ನೋಡಿದರು. ನಮ್ಮಿಂದ ಆಗುತ್ತೆ ಅನ್ನೋದು ಆಗ ಸಾಬೀತಾಯಿತು.

ಅದೇ ಯಂತ್ರ ಝಿಕಾವನ್ನೂ ಹುಡುಕುತ್ತದೆ. ಯಂತ್ರಕ್ಕೆ ವೈರಸ್ಸಿನ ಹೆಸರು ಗೊತ್ತಿಲ್ಲ. ನಾವು ಯಾವ ವೈರಸ್ಸಿನ ಪ್ರೈಮರ್ (ಅದನ್ನು ಗುರುತಿಸುವ ಡಿಎನ್‌ಎ ತುಣುಕು) ಹಾಕುತ್ತೇವೋ ಅದನ್ನೇ ಹುಡುಕುತ್ತದೆ. ಡೆಂಗಿ, ಚಿಕೂನ್‌ಗುನ್ಯಾ, ಝಿಕಾ ಮೂರನ್ನೂ ಒಂದೇ ಟ್ಯೂಬಿನಲ್ಲಿ ನೋಡುವ ಪರೀಕ್ಷೆಗಳೂ ಇವೆ. ಇದಕ್ಕೆ ಮಂಗನ ಕಾಯಿಲೆಗೆ ಬೇಕಾದಂಥ ಬಿಎಸ್‌ಎಲ್-3 (ಜೈವಿಕ ಸುರಕ್ಷತೆಯ ಮೂರನೇ ಹಂತದ) ಲ್ಯಾಬು ಬೇಡ. ಬಿಎಸ್‌ಎಲ್-2 ಸಾಕು. ಮೆಡಿಕಲ್ ಕಾಲೇಜುಗಳಲ್ಲಿ ಅದು ಇದೆ. ಬೇಕಾಗಿರುವುದು ಪರೀಕ್ಷೆಯ ಕಿಟ್ಟು ತಪ್ಪದೆ ಬರುವ ವ್ಯವಸ್ಥೆ, ಪಾಸಿಟಿವ್ ಕಂಟ್ರೋಲ್ (ಪಾಸಿಟಿವ್ ಅಂತ ಮೊದಲೇ ಗೊತ್ತಿರುವ, ಹೋಲಿಸಿ ನೋಡುವ ಮಾದರಿ), ನಮ್ಮ ಫಲಿತಾಂಶ ಸರಿಯಿದೆಯಾ ಅಂತ ಪುಣೆಯವರು ಆಗಾಗ ಪರೀಕ್ಷಿಸುವ ಏರ್ಪಾಡು. ಇದು ದೊಡ್ಡ ದುಡ್ಡಿನ ಕೆಲಸವಲ್ಲ.

ಜನರದ್ದು ಮಾತ್ರ ದೊಡ್ಡ ತೊಂದರೆ. ಕೋವಿಡ್ ಹೊತ್ತಿನಲ್ಲಿ ತಗೊಂಡವರೆಲ್ಲ ಗುತ್ತಿಗೆಯವರು. ಅಲೆ ಇಳಿದಂತೆ ಗುತ್ತಿಗೆ ಮುಗಿಯಿತು. ನಮ್ಮಲ್ಲಿ ಪಿಸಿಆರ್‌ನಲ್ಲಿ ಎಲ್ಲರಿಗಿಂತ ಚುರುಕಾಗಿದ್ದ ಹುಡುಗಿ, ಲಿಂಗಸುಗೂರು ಕಡೆಯವಳು, ಹೈದರಾಬಾದಿನ ಖಾಸಗಿ ಲ್ಯಾಬಿಗೆ ಹೋದಳು. ಹೋಗುವ ದಿನ ಪೈಪೆಟ್‌ಗಳನ್ನು ಒರೆಸಿ, ಸಾಲಾಗಿ ಜೋಡಿಸಿ, ಬೀಗದ ಕೈ ನನ್ನ ಮೇಜಿನ ಮೇಲೆ ಇಟ್ಟಳು. "ಇಲ್ಲೇ ಇರೂ ಆಸೆ ಇತ್ರಿ ಸರ್" ಅಂದಳು. ಆ ಮಾತಿಗೆ ನಾನು ಏನು ಹೇಳಲಿ? ಲ್ಯಾಬಿನ ಕೈಚಳಕ ಪುಸ್ತಕ ಓದಿದರೆ ಬರೋದಿಲ್ಲ. ಅವಳು ಹೋದಳು ಅಂದರೆ ಮೂರು ವರ್ಷದ ಅಭ್ಯಾಸವೂ ಅವಳ ಜೊತೆ ಹೋಯಿತು.

ರಾಯಚೂರಿಗೆ ಏಮ್ಸ್ ಬೇಕು ಅಂತ 2022ರ ಮೇನಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ಝಿಕಾ ವರದಿ ಬಂದ ದಿನವೂ ಅವರು ಅಲ್ಲೇ ಕೂತಿದ್ದರು. ಆ ಬೇಡಿಕೆ ನ್ಯಾಯವಾದದ್ದು, ನನ್ನ ಬೆಂಬಲ ಇದೆ. ಆದರೆ ಏಮ್ಸ್ ಬರುವ ತನಕ ಜ್ವರ ಕಾಯೋದಿಲ್ಲ. ನಾಲ್ಕು ಕಾಯಂ ಹುದ್ದೆ, ಜನರೇಟರ್ ಲೈನಿಗೆ ಸೇರಿದ ಎರಡು ಫ್ರೀಜರ್, ವಾರಕ್ಕೆರಡು ಸಲ ತಾಲ್ಲೂಕುಗಳಿಂದ ಮಾದರಿ ತರುವ ಒಂದು ಗಾಡಿ. ಇಷ್ಟು ಇದ್ದರೆ ಮೂರು ಜಿಲ್ಲೆಯ ಕಾಲೇಜುಗಳು ಸೇರಿ ನಾಳೆಯೇ ಕೆಲಸ ಶುರು ಮಾಡಬಹುದು ಅನ್ನೋದು ನನ್ನ ಲೆಕ್ಕ.

ನಮ್ಮ ಸೀಮೆಯ ಪ್ರಶ್ನೆ ನಮ್ಮವೇ

ಪುಣೆ ಇದೆ, ಬೆಂಗಳೂರು ಇದೆ, ರಾಯಚೂರಿನಲ್ಲಿ ಸಂಶೋಧನೆ ಯಾಕೆ ಬೇಕು ಅಂತ ಕೇಳುವವರಿದ್ದಾರೆ. ಮಲೆನಾಡಿನ ಕಡೆ ನೋಡಿ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನರಿಗೆ ಜ್ವರ ಬಂತು. ಪುಣೆಯ ತಂಡ ಬಂದು ಮಂಗನ ಕಾಯಿಲೆಯ ವೈರಸ್ ಪತ್ತೆ ಮಾಡಿತು. ಆದರೆ ಅವರು ಮಾದರಿ ಒಯ್ದು ಸುಮ್ಮನಾಗಲಿಲ್ಲ. ಸಾಗರದಲ್ಲಿ ಕ್ಷೇತ್ರ ಕೇಂದ್ರ ಮಾಡಿ ರಕ್ತ ಹೀರುವ ಉಣುಗು, ಮಂಗ, ಕಾಡು ಎಲ್ಲವನ್ನೂ ಅಲ್ಲೇ ಕೂತು ನೋಡಿದರು. ಮುಂದೆ ಶಿವಮೊಗ್ಗದಲ್ಲೇ ವೈರಾಣು ಪ್ರಯೋಗಾಲಯ ಬಂತು. ಇವತ್ತು ಅಲ್ಲಿ ಒಂದು ಮಂಗ ಸತ್ತರೆ ಊರಿನವರೇ ಫೋನ್ ಮಾಡುತ್ತಾರೆ.

ನಮ್ಮ ಸೀಮೆ ಬೇರೆ. ಇಲ್ಲಿ ಭತ್ತದ ಗದ್ದೆ, ಹಂದಿ, ಬೆಳ್ಳಕ್ಕಿ, ಗದ್ದೆಯಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ. ಜಪಾನೀಸ್ ಎನ್‌ಸೆಫಲೈಟಿಸ್‌ಗೆ ಬೇಕಾದದ್ದೆಲ್ಲ ಒಂದೇ ಕಡೆ ಇದೆ. ಅದಕ್ಕೇ 2006ರಲ್ಲಿ ದೇಶದಲ್ಲಿ ಈ ಲಸಿಕೆ ಅಭಿಯಾನ ಶುರುವಾದಾಗ ಮೊದಲ ಸುತ್ತಿನಲ್ಲೇ ಬಳ್ಳಾರಿ ಇತ್ತು. ಗಡಿಯಾಚೆ, ಆಗಿನ ಆಂಧ್ರಪ್ರದೇಶದಲ್ಲಿ, 2003ರಲ್ಲಿ ಮಕ್ಕಳಿಗೆ ಮೆದುಳು ಜ್ವರ ಬಂತು. 329 ಮಕ್ಕಳಿಗೆ ಕಾಯಿಲೆ, 183 ಸಾವು. ಅದು ಮರಳು ನೊಣದಿಂದ ಹರಡುವ ಚಂಡೀಪುರ ವೈರಸ್. ಗಡಿಯ ಗೆರೆ ನೊಣಕ್ಕೆ ಕಾಣೋದಿಲ್ಲ. ಇದರ ಮೇಲೆ ವರ್ಷಾ ವರ್ಷಾ ಗುಳೆ. ಮಳೆ ಕೈಕೊಟ್ಟಾಗ ಜನ ಬೆಂಗಳೂರು, ಹೈದರಾಬಾದು, ಪುಣೆಗೆ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ, ಹಬ್ಬಕ್ಕೆ ವಾಪಸ್ ಬರುತ್ತಾರೆ. ಯಾವ ತಿಂಗಳು ಯಾವ ತಾಂಡಾ ಖಾಲಿ, ಯಾವಾಗ ಬಸ್ಸು ತುಂಬಿ ಬರುತ್ತದೆ ಅನ್ನೋದು ಇಲ್ಲಿನ ಆಶಾ ಅಕ್ಕನಿಗೆ ಗೊತ್ತು. ಮಾದರಿಯ ಜೊತೆ ಪುಣೆಗೆ ಹೋಗುವ ಫಾರಂನಲ್ಲಿ ಅದನ್ನು ಬರೆಯಲು ಕಾಲಂ ಇಲ್ಲ.

ಈಗ ನಾವು ಚಿಕ್ಕದಾಗಿ ಶುರು ಮಾಡಿದ್ದೇವೆ. ಫ್ರೀಜರ್ ಜನರೇಟರ್ ಲೈನಿಗೆ ಬಂದಿದೆ. ಅಲಾರಂ ಮೂರು ಜನರ ಮೊಬೈಲಿಗೆ ಹೋಗುತ್ತದೆ. ಒಂದೊಂದು ಸೀರಮ್ಮನ್ನು ಎರಡು ಟ್ಯೂಬಿಗೆ ಹಂಚಿ ಬೇರೆ ಬೇರೆ ಕಟ್ಟಡದಲ್ಲಿ ಇಡುತ್ತೇವೆ. ಸಂಶೋಧನೆಗೆ ಇಟ್ಟುಕೊಳ್ಳುತ್ತೇವೆ ಅಂತ ರೋಗಿಗೆ ಕನ್ನಡದಲ್ಲಿ, ಬೇಕಾದರೆ ತೆಲುಗಿನಲ್ಲಿ ಹೇಳಿ ಒಪ್ಪಿಗೆ ತಗೊಳ್ಳುತ್ತೇವೆ. ನೀತಿ ಸಮಿತಿಯ ಅನುಮತಿ ಆಗಿದೆ. ರಿಜಿಸ್ಟರಿನಲ್ಲಿ ಎರಡು ಹೊಸ ಕಾಲಂ ಹಾಕಿದ್ದೇವೆ: "ಮನೆಯಲ್ಲಿ ಗರ್ಭಿಣಿ ಇದ್ದಾರಾ?", "ಕಳೆದ ತಿಂಗಳು ಎಲ್ಲಿ ಕೆಲಸಕ್ಕೆ ಹೋಗಿದ್ದರು?"

ಡಬ್ಬಿಗಳನ್ನು ತಾಲ್ಲೂಕಿನ ಪ್ರಕಾರ ಜೋಡಿಸಿದ್ದೇವೆ. ಟ್ಯೂಬು ಕರಗಿದ್ದನ್ನು ಮೊದಲು ನೋಡಿದ ಅದೇ ಟೆಕ್ನಿಷಿಯನ್ ಪ್ರತಿಯೊಂದರ ಮೇಲೂ ಮಾರ್ಕರ್‌ನಿಂದ ದಪ್ಪಗೆ ಹೆಸರು ಬರೆದಿದ್ದಾನೆ. ಕೆಲವು ಆಗಲೇ ತುಂಬಿವೆ. ಒಂದು ತಾಲ್ಲೂಕಿನ ಡಬ್ಬಿಯಲ್ಲಿ ಮಾತ್ರ ಇನ್ನೂ ಆರೇ ಟ್ಯೂಬು. ಅಲ್ಲಿ ಜ್ವರ ಕಡಿಮೆಯಿಲ್ಲ, ಮಾದರಿ ತರುವ ಗಾಡಿ ಅಲ್ಲಿಗೆ ಹೋಗುತ್ತಿಲ್ಲ. ಮುಂದಿನ ಸೋಮವಾರದಿಂದ ನಾನೂ ಅವನೂ ಸರದಿಯಲ್ಲಿ ಬೆಳಗಿನ ಬಸ್ಸಿಗೆ ಐಸ್ ಡಬ್ಬಿ ಹಿಡಿದು ಹೋಗುವುದು ಅಂತ ಮಾತಾಗಿದೆ.